ನಿಲ್ಲದೆ ಹೋದ ಸೈಕಲ್ಲು

ವಾಲ್‌ಮೊರಾ
ಮೇ ೨೮, ಮಂಗಳವಾರ

ನೇವಿಯೋ,

ಮೂರನೇ ತರಗತಿಗೇ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾಳೆ ನಿನ್ನ ಅಮ್ಮ. ಅವಳಿಗೆ ಈಗ ಅಕ್ಷರ ಕಾಣುವುದಿಲ್ಲ, ಮುಖವೂ ಮಸುಕು. ನನಗೋ ಬರೆಯುವುದೆಂದರೆ ಹಲ್ಲು ಕೀಳಿಸಿಕೊಂಡ ಹಾಗೆ. ಮೊದಲು ಕ್ಷೇಮ ಕೇಳು ಅಂದಳು, ಕೇಳಿದ್ದೇನೆ. ನಿನ್ನ ಕಾಲು ಗಟ್ಟಿಯಾಗಿದೆ ಎಂಬುದನ್ನು ಇಡೀ ಊರು ನೋಡಿದೆ. ಅವಳು ಬರೆಸಿದ್ದು ಇಷ್ಟೇ. ಮುಂದಿನದು ನನ್ನದು.

ಸೈಕಲ್ ರೇಸು ಒಬ್ಬ ಸವಾರನ ಹುಟ್ಟೂರಿಗೆ ಬಂದಾಗ ಗುಂಪು ನಿಧಾನಿಸಿ ಅವನನ್ನು ಮುಂದೆ ಬಿಡುತ್ತದೆ. ಅವನು ಇಳಿದು ಮನೆಯವರಿಗೆ ಮುತ್ತು ಕೊಟ್ಟು ಮತ್ತೆ ಗುಂಪು ಸೇರುತ್ತಾನೆ. ಅಷ್ಟು ಹೊತ್ತು ಯಾರೂ ಮುನ್ನುಗ್ಗುವುದಿಲ್ಲ. ಇದನ್ನು ನಿನಗೆ ನಾನು ಹೇಳಿಕೊಡಬೇಕೆ? ಭಾನುವಾರ, ಒಟ್ಟು ಲೆಕ್ಕದಲ್ಲಿ ಮುಂದಿರುವವನ ಗುಲಾಬಿ ಅಂಗಿ ತೊಟ್ಟಿದ್ದ ತಾರ್ಚೀಸಿಯೋನೇ ಕೈಯೆತ್ತಿ ಗುಂಪನ್ನು ತಡೆದನಂತೆ. "ಹೋಗೋ ಮರಿ, ಅಮ್ಮ ಕಾಯ್ತಿರ್ತಾಳೆ" ಅಂದನಂತೆ. ನೀನು ಹೋದೆ. ಕಾರಂಜಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತವಳನ್ನೂ ದಾಟಿ ಹೋದೆ, ತಲೆಯೂ ಎತ್ತಲಿಲ್ಲ. ಘಾಟಿ ಹತ್ತಿ ಇಳಿದು ಗೆದ್ದು, ದಾರಿ ಬಿಟ್ಟವನ ಅಂಗಿಯನ್ನೇ ಮೈಗೇರಿಸಿದೆ. ಥೂ.

ತಂಡದವರು ಹೇಳಿದರು ಅನ್ನಬೇಡ. ತುಳಿದದ್ದು ನಿನ್ನ ಕಾಲು. ಬಾರಿನಲ್ಲಿ ಕ್ಷೌರದ ಜಿಲ್ದೋ, "ಒಲಿಂದೋ, ಮೊಮ್ಮಗನ ಸೈಕಲ್ಲಿಗೆ ಬ್ರೇಕ್ ಹಾಕೋದು ಮರೆತ್ಯೇನೋ?" ಅಂದ. ಜೀವಮಾನವೆಲ್ಲ ಸೈಕಲ್ ರಿಪೇರಿ ಮಾಡಿದವನು, ವೈನು ಅರ್ಧಕ್ಕೇ ಬಿಟ್ಟು ಎದ್ದುಬಂದೆ. ಗೆದ್ದ ಹೂಗುಚ್ಛ ಕಳಿಸಿದ್ದೀಯಲ್ಲ, ಮೇಕೆಗೆ ಹಾಕಿದೆ. ತಿಂದಿತು. ಅದಕ್ಕೆ ನಾಚಿಕೆ ಇಲ್ಲ.

ಅಮ್ಮ ಹರಸಿದ್ದಾಳೆ. ನಾನು ಹರಸಿಲ್ಲ.

ನಿನ್ನ ಅಜ್ಜ,
ಒಲಿಂದೋ

ತಾ.ಕ.: ಉಳಿದವರೆಲ್ಲ ನಿನ್ನ ಬೆನ್ನು ಹತ್ತಿದರು. ತಾರ್ಚೀಸಿಯೋ ಹತ್ತಲಿಲ್ಲ. ಕಾರಂಜಿಯ ಹತ್ತಿರ ಸೈಕಲ್ ನಿಲ್ಲಿಸಿ, ಒಂದು ಮಾತೂ ಆಡದೆ ನನ್ನ ಮಗಳ ಎರಡೂ ಕೆನ್ನೆಗೆ ಮುತ್ತಿಟ್ಟ. ಅವಳು ಅವನ ಬೆವರಿದ ಮುಖ ಸವರಿ, "ಬಂದ್ಯಾ ಕಂದ, ಸೊರಗಿಬಿಟ್ಟಿದೀಯಲ್ಲೋ" ಅಂದಳು. ಅವನು ತಲೆಯಾಡಿಸಿ ಸೈಕಲ್ ಹತ್ತಿದ. ಅವನ ಅಂಗಿ ನಿನ್ನ ಪಾಲಾದದ್ದು ಹಾಗೆ ನಿಂತ ಹೊತ್ತಿನಲ್ಲೇ. ನಿಂತೂ ಗೆದ್ದ ನನ್ನ ಮಗ ಅಂತ ಇವಳು ಕಂಡವರಿಗೆಲ್ಲ ಹೇಳುತ್ತಿದ್ದಾಳೆ. ಜಿಲ್ದೋ ಕೂಡ ಅವಳ ಮುಂದೆ ಹೂಂಗುಟ್ಟುತ್ತಾನೆ. ನನಗೆ ಆಗುತ್ತಿಲ್ಲ. ನಿಜವನ್ನು ನೀನೇ ಬಂದು ಹೇಳುತ್ತೀಯೋ, ನಾನು ಹೇಳಲೋ? ಶನಿವಾರ, ಜೂನ್ ಒಂದರೊಳಗೆ ಉತ್ತರ ಬರಬೇಕು.