ಸೀಲು ಕಿತ್ತವಳು ನಾನೇ, ಕಂಪ್ಯೂಟರು ಈಗ ಚೆನ್ನಾಗಿದೆ

ಉಪಕರಣ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಇವತ್ತು ನನಗೆ ಉಪವಾಸ. ಮನೆ ಗುಡಿಸಿ ಒರೆಸಿ, ನೀರು ತುಂಬಿ, ಬಟ್ಟೆ ಒಗೆದು ಹರವಿ, ಸ್ನಾನ ಜಪ ಮುಗಿಸಿ ಈ ಪತ್ರ ಬರೆಯಲು ಕುಳಿತಿದ್ದೇನೆ. ಹೊಟ್ಟೆ ಖಾಲಿ ಇಟ್ಟ ದಿನ ನಾನು ಸುಳ್ಳು ಹೇಳುವುದಿಲ್ಲ. ಆದ್ದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮ ಹೊಲಿಗೆ ಕೇಂದ್ರದ ಕಂಪ್ಯೂಟರಿಗೆ ನಿಮ್ಮ ಕಚೇರಿ ಅಂಟಿಸಿದ್ದ ಸೀಲನ್ನು ಕಿತ್ತವಳು ನಾನು. ಅದರೊಳಗೆ ಹೆಚ್ಚಿನ ಮೆಮೊರಿ ಹಾಕಿಸಿದವಳೂ ನಾನೇ. ಈ ತಪ್ಪಿಗಾಗಿ ಒಂಬತ್ತು ಹೆಂಗಸರು ದುಡಿಯುವ ಕೇಂದ್ರವನ್ನು ನೀವು ಮುಚ್ಚುತ್ತೀರೋ ಇಲ್ಲವೋ, ಅಷ್ಟು ತಿಳಿದರೆ ಸಾಕು.

ಆ ಯಂತ್ರವನ್ನು ನೀವು ನಮಗೆ ಕೊಟ್ಟು ಹನ್ನೆರಡು ವರ್ಷವಾಯಿತು. ಬಂದ ಹೊಸದರಲ್ಲಿ ಚುರುಕಾಗಿಯೇ ಇತ್ತು. ಆಸ್ಪತ್ರೆಯ ದಾದಿಯರಿಗೆ, ವಾರ್ಡಿನ ಸಿಬ್ಬಂದಿಗೆ ಸಮವಸ್ತ್ರ ಹೊಲಿದುಕೊಡುವವರು ನಾವು; ಅಷ್ಟೂ ಜನರ ಭುಜ, ಎದೆ, ತೋಳಿನ ಅಳತೆ ಅದರ ಹೊಟ್ಟೆಯಲ್ಲಿದೆ. ಬರಬರುತ್ತ ಅದಕ್ಕೆ ವಯಸ್ಸಾಯಿತು. ವಯಸ್ಸಾಗುವುದು ತಪ್ಪಲ್ಲ, ನನಗೂ ಐವತ್ತು. ಆದರೆ ನಾನು ಒಂದು ಸಲ ಕೂಗಿದರೆ ಏಳುತ್ತೇನೆ. ಇದು ಹಾಗಲ್ಲ. ಬೀಗದ ಕೈ ನನ್ನ ಹತ್ತಿರ ಇರುವುದರಿಂದ ಎದ್ದ ಕೂಡಲೇ ಕೇಂದ್ರಕ್ಕೆ ಹೋಗಿ ಗುಂಡಿ ಒತ್ತಿ, ಮನೆಗೆ ಬಂದು ಮೇಲೆ ಹೇಳಿದ ಕೆಲಸಗಳನ್ನೆಲ್ಲ ಮುಗಿಸಿ ಮತ್ತೆ ಹೋದರೂ, ಪರದೆಯ ಮೇಲೆ ಆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಅದರ ಮುಂದೆ ಕುಳಿತು ನಾನು ಮಾಡಿದ ಹೆಚ್ಚುವರಿ ಜಪದ ಪುಣ್ಯದಲ್ಲಿ ನಿಮ್ಮ ವಿಭಾಗಕ್ಕೂ ಒಂದು ಪಾಲು ಇದೆ, ಸಂಕೋಚವಿಲ್ಲದೆ ತೆಗೆದುಕೊಳ್ಳಿ.

ತಿಂಗಳ ವರದಿಯನ್ನು ಐದನೇ ತಾರೀಕಿನೊಳಗೆ ನಿಮ್ಮ ಜಾಲತಾಣದಲ್ಲಿ ತುಂಬಬೇಕು. ಪುಟ ತೆರೆಯುವುದಕ್ಕೇ ಹತ್ತು ನಿಮಿಷ. ನಾಲ್ಕು ಸಾಲು ತುಂಬುವಷ್ಟರಲ್ಲಿ "ಸಮಯ ಮೀರಿದೆ" ಎಂದು ಹೊರಗೆ ದಬ್ಬುತ್ತದೆ. ಮತ್ತೆ ಮೊದಲಿನಿಂದ. ಹೀಗೆ ಮೂರು ತಿಂಗಳು ವರದಿ ತಡವಾಯಿತು. ಕಳೆದ ತಿಂಗಳು ನಿಮ್ಮ ನೋಟೀಸು ಬಂತು: ಇನ್ನೊಮ್ಮೆ ತಡವಾದರೆ ಕೇಂದ್ರವನ್ನು ಮುಚ್ಚಿ ಹೊಲಿಗೆ ಯಂತ್ರಗಳನ್ನು ಹಿಂಪಡೆಯಲಾಗುವುದು. ಸರಿ, ಕಂಪ್ಯೂಟರನ್ನು ರಿಪೇರಿ ಮಾಡಿಸೋಣವೆಂದರೆ ಸೀಲು ಇದೆ, ಅನುಮತಿಯಿಲ್ಲದೆ ತೆರೆಯುವಂತಿಲ್ಲ. ಅನುಮತಿ ಕೇಳಿ ಕಾಗದದಲ್ಲಿ ಮೂರು ಅರ್ಜಿ ಕೊಟ್ಟೆ. ಅರ್ಜಿಯನ್ನು ಜಾಲತಾಣದಲ್ಲೇ ತುಂಬಬೇಕು, ಅದೂ ಕೆಟ್ಟಿರುವ ಅದೇ ಕಂಪ್ಯೂಟರಿನಿಂದಲೇ ತುಂಬಬೇಕು ಎಂದು ಉತ್ತರ ಬಂತು. ಆ ಅರ್ಜಿ ಹನ್ನೊಂದು ಪುಟ. ಮಾನ್ಯರೇ, ಕಾಲು ಮುರಿದವನು ತಾನೇ ನಡೆದುಕೊಂಡು ಬಂದು ಕಾಲು ಮುರಿದಿದೆ ಎಂದು ಹೇಳಿದರೆ ಮಾತ್ರ ನಂಬುವ ವೈದ್ಯರು ಎಲ್ಲಾದರೂ ಇದ್ದಾರೆಯೇ? ಇದ್ದರೆ ಅವರಿಗೆ ನಿಮ್ಮಲ್ಲೊಂದು ಕುರ್ಚಿ ಕೊಡಿ, ಹೊಂದಿಕೊಂಡು ಹೋಗುತ್ತಾರೆ.

ಹಾಗೆಂದು ತಪ್ಪೆಲ್ಲ ನಿಮ್ಮದೇ ಎನ್ನಲಾರೆ. ನಮ್ಮದೂ ಒಂದಿದೆ, ಅದನ್ನು ಬರೆಯಲು ನಾಚಿಕೆಯಾಗುತ್ತದೆ. ವರ್ಷಕ್ಕೊಮ್ಮೆ ನಿಮ್ಮ ತಪಾಸಣೆಯವರು ಬರುತ್ತಾರೆ. ಬರುವ ಸುದ್ದಿ ತಿಳಿದರೆ ನಾವು ಹೆಂಗಸರು ಸುಮ್ಮನಿರುತ್ತೇವೆಯೇ? ಮನೆಗೆ ಬೀಗರು ಬರುತ್ತಾರೇನೋ ಎಂಬಂತೆ ಕಂಪ್ಯೂಟರಿನ ಮೈಯೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ನಾವೇ ಕಸೂತಿ ಹಾಕಿದ ಮುಸುಕು ಹೊದಿಸಿ, ಬಂದವರು ಕಾಯಬಾರದೆಂದು ಹಿಂದಿನ ದಿನವೇ ಚಾಲೂ ಮಾಡಿ ಇಡುತ್ತಿದ್ದೆವು. ಅವರು ಬಂದಾಗ ಪರದೆ ಬೆಳಗುತ್ತಿರುತ್ತಿತ್ತು. ಕಳೆದ ಸಲ ಅವರು ಮುಸುಕಿನ ಹೂವನ್ನು ಸವರಿ, "ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಮ್ಮಾ, ಇನ್ನೂ ಹತ್ತು ವರ್ಷ ಬರುತ್ತೆ ಇದು" ಎಂದು ಹೊಗಳಿ, "ಸುಸ್ಥಿತಿಯಲ್ಲಿದೆ" ಎಂದು ಬರೆದುಕೊಂಡು ಹೋದರು. ನಾವು ಒಂಬತ್ತು ಮಂದಿಯೂ ಹಲ್ಲು ಕಿರಿಯುತ್ತ ನಿಂತಿದ್ದೆವು. ನಮ್ಮ ಕತ್ತು ನಾವೇ ಕೊಯ್ದುಕೊಂಡದ್ದು ಗೊತ್ತಾಗಲು ನಿಮ್ಮ ನೋಟೀಸೇ ಬರಬೇಕಾಯಿತು.

ಕಳೆದ ಶನಿವಾರ ಕಂಪ್ಯೂಟರ್ ರಿಪೇರಿಯಣ್ಣನನ್ನು ಕರೆಸಿದೆ. ಅವನು ಸೀಲು ನೋಡಿ ಕೈ ಹಿಂದೆ ಕಟ್ಟಿಕೊಂಡ. ನಮ್ಮಲ್ಲಿ ಬಟ್ಟೆ ಕತ್ತರಿಸುವ ಹಿರಿಯಳನ್ನು ಎಲ್ಲರೂ ಕತ್ತರಿಯಕ್ಕ ಎನ್ನುತ್ತೇವೆ, ಅವಳು ಹೊಲಿಗೆ ಬಿಚ್ಚುವ ಬ್ಲೇಡನ್ನು ನನ್ನ ಮುಂದೆ ಇಟ್ಟಳು. ದೇವರನ್ನು ನೆನೆದು ನಾನೇ ಬಿಡಿಸಿದೆ. ಮೂವತ್ತು ವರ್ಷ ಹೊಲಿಗೆ ಬಿಚ್ಚಿದ ಕೈ, ಸೀಲಿನ ಒಂದು ಅಂಚೂ ಹರಿಯಲಿಲ್ಲ.

ಮುಚ್ಚಳ ತೆಗೆದ ರಿಪೇರಿಯಣ್ಣ ಒಳಗೆ ಬೆರಳು ಅದ್ದಿ ನೋಡಿದ. ಆಮೇಲೆ, "ಅಕ್ಕಾ, ಇದು ಕಂಪ್ಯೂಟರ್ರೋ ದಿಂಬೋ?" ಎಂದ. ಹನ್ನೆರಡು ವರ್ಷದ ನೂಲಿನ ಜುಂಗು, ಬಟ್ಟೆಯ ಧೂಳು ಒಳಗೆ ಪದರ ಪದರವಾಗಿ ಕುಳಿತಿತ್ತು. ಗಾಳಿಯಾಡುವ ತೂತುಗಳಿಗೆ ನಮ್ಮ ಕಸೂತಿಯ ಮುಸುಕು ಅಡ್ಡ, ಒಳಗಿನ ಫ್ಯಾನಿಗೆ ಉಸಿರೇ ಇರಲಿಲ್ಲ. ಹೊಲಿಗೆ ಯಂತ್ರ ಉಜ್ಜುವ ಕುಂಚದಿಂದ ಎಲ್ಲವನ್ನೂ ತೆಗೆದೆವು. ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದ ಅಳತೆಗಳನ್ನೆಲ್ಲ ಅವನು ಒಂದೂ ಬಿಡದೆ ಎಸ್‌ಎಸ್‌ಡಿ ಎಂಬ ತೆಳ್ಳನೆಯ ಡಬ್ಬಿಗೆ ಇಳಿಸಿ ಅದನ್ನೇ ಕೂರಿಸಿದ. ಮೆಮೊರಿ ಎಂಬುದು ಬೆರಳುದ್ದದ ಹಸಿರು ಪಟ್ಟಿ. ಎರಡು ಜಿಬಿ ಇದ್ದದ್ದನ್ನು ಎಂಟು ಮಾಡಬೇಕಿತ್ತು. ಅದರ ಅಂಚಿನಲ್ಲೊಂದು ಕಚ್ಚು ಇರುತ್ತದೆ, ಆ ಕಚ್ಚಿಗೆ ಈ ಕಚ್ಚು ಸರಿಹೊಂದಿದರೆ ಮಾತ್ರ ಕೂರುತ್ತದೆ. ಕಾಲರು ಕೂರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಕೂರಿಸಿ ಚಾಲೂ ಮಾಡಿದರೆ ಮೂರು ಸಲ ಕೀಚಲು ಸದ್ದು ಮಾಡಿ ಸುಮ್ಮನಾಯಿತು. ಅವನು ಪಟ್ಟಿ ಹೊರತೆಗೆದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದರ ಹೊಳೆಯುವ ಅಂಚನ್ನು ಉಜ್ಜಿ, ಮತ್ತೆ ಕೂರಿಸಿದ. ಈ ಸಲ ನಾನು ಕಣ್ಣು ಮುಚ್ಚಿ ದೇವರ ಹೆಸರು ಹತ್ತು ಸಲ ಹೇಳುವುದರೊಳಗೆ ಪರದೆ ಬೆಳಗಿತು. "ಪೂರ್ತಿ ಜಪ ಮಾಡೋಕೂ ಬಿಡಲ್ಲ ಇದು" ಎಂದಳು ಕತ್ತರಿಯಕ್ಕ.

ಆ ಪಟ್ಟಿ ಎಲ್ಲಿಯದು ಎಂದು ಕೇಳಿದೆ. ರಿಪೇರಿಯಣ್ಣ ಅದನ್ನು ಗುಜರಿಯಿಂದ ತಂದಿದ್ದ. ಅದಕ್ಕೆ ಅಂಟಿದ್ದ ಚೀಟಿ ಓದಿದೆ: ಉಪಕರಣ ವಿಭಾಗ, ಮುಖ್ಯ ಕಚೇರಿ, ಜೊತೆಗೆ ಕೊಂಡ ವರ್ಷ. ನಿಮ್ಮದೇ ಮಾನ್ಯರೇ. ನಮ್ಮದಕ್ಕಿಂತ ಮೂರು ವರ್ಷ ಚಿಕ್ಕ ಕಂಪ್ಯೂಟರುಗಳನ್ನು ಹಳತಾದವೆಂದು ನೀವು ತೂಕಕ್ಕೆ ಹಾಕಿದ್ದೀರಿ. ಒಂಬತ್ತು ವರ್ಷದ್ದು ನಿಮಗೆ ಗುಜರಿ, ಹನ್ನೆರಡು ವರ್ಷದ್ದು ನಮಗೆ ಸುಸ್ಥಿತಿ. ಲೆಕ್ಕದಲ್ಲಿ ನಾನು ಹಳ್ಳಿಯ ಶಾಲೆಯ ಏಳನೇ ತರಗತಿಯವರೆಗಷ್ಟೇ, ಇದನ್ನು ಬಿಡಿಸುವಷ್ಟು ಅಲ್ಲಿ ಕಲಿಸಲಿಲ್ಲ.

ಇವತ್ತು ಐದನೇ ತಾರೀಕು. ವರದಿ ಬೆಳಿಗ್ಗೆಯೇ ಹೋಯಿತು, ಕಾಲು ಗಂಟೆಯೂ ಹಿಡಿಯಲಿಲ್ಲ. ಆದರೆ ಕೊನೆಯಲ್ಲಿ ಒಂದು ಪ್ರಶ್ನೆ ಇದೆ: ಸೀಲು ಭದ್ರವಾಗಿದೆಯೇ? ಹೌದು, ಇಲ್ಲ. ಕತ್ತರಿಯಕ್ಕ ಬೆನ್ನ ಹಿಂದೆ ನಿಂತು, "ಹೌದು ಅಂತ ಒತ್ತೇ. ಸೀಲು ಹರಿದಿಲ್ವಲ್ಲ, ಅಂಟಿಸಿಬಿಟ್ರೆ ಅವರಪ್ಪನಿಗೂ ಗೊತ್ತಾಗಲ್ಲ" ಎಂದಳು. ನಿಜ, ಗೊತ್ತಾಗುತ್ತಿರಲಿಲ್ಲ. "ನಿನಗೆ ಗೊತ್ತಾಗುತ್ತಲ್ಲಕ್ಕಾ, ನನಗೂ ಗೊತ್ತಾಗುತ್ತೆ" ಎಂದು ನಾನು "ಇಲ್ಲ" ಒತ್ತಿದೆ. ಕೂಡಲೇ ಕೆಂಪು ಅಕ್ಷರ ಮೂಡಿತು: ನಿಮ್ಮ ಕೇಂದ್ರದ ಮೇಲೆ ಕ್ರಮ ಕೈಗೊಳ್ಳಲಾಗುವುದು. ಅಕ್ಕ ಆಗಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಅವಳ ಮನೆಯ ಒಲೆ ಉರಿಯುವುದು ಈ ಕತ್ತರಿಯಿಂದ, ಅವಳ ಸಿಟ್ಟು ನ್ಯಾಯವಾದದ್ದು.

ಆದ್ದರಿಂದ ಕೇಳುತ್ತೇನೆ, ಬೇಡುವುದಿಲ್ಲ. ಶಿಕ್ಷೆ ಕೊಡಬೇಕಾದರೆ ನನಗೆ ಕೊಡಿ, ಕೆಲಸದವರ ಪಟ್ಟಿಯಿಂದ ನನ್ನೊಬ್ಬಳ ಹೆಸರು ಹೊಡೆಯಿರಿ. ಬೀಗದ ಕೈಯನ್ನು ಕತ್ತರಿಯಕ್ಕನಿಗೆ ಒಪ್ಪಿಸುತ್ತೇನೆ. ಕೇಂದ್ರವನ್ನು ಮುಟ್ಟಬೇಡಿ, ನೋಟೀಸು ಹಿಂಪಡೆಯಿರಿ. ಹಾಗೆಯೇ ಉಳಿದ ಕೇಂದ್ರಗಳ ಕಂಪ್ಯೂಟರುಗಳನ್ನೂ ತೆರೆಯಲು ಅನುಮತಿ ಕೊಡಿ. ಅಲ್ಲಿನ ಹೆಂಗಸರೂ ನಮ್ಮಂತೆಯೇ ಒರೆಸಿ ಮುಸುಕು ಹೊದಿಸಿ ನಗುತ್ತ ನಿಂತಿರುತ್ತಾರೆ, ಹೇಳುವುದಿಲ್ಲ. ಮುಂದಿನ ಸಲ ತಪಾಸಣೆಯವರನ್ನು ಹೇಳದೆ ಕೇಳದೆ ಕಳುಹಿಸಿ. ಅವರೇ ಗುಂಡಿ ಒತ್ತಲಿ, ಅವರೇ ಕಾಯಲಿ.

ಈ ಪತ್ರದ ಒಂದು ಪ್ರತಿಯನ್ನು ಪತ್ರಿಕೆಗೂ ಕಳುಹಿಸುತ್ತಿದ್ದೇನೆ, ಆದ್ದರಿಂದ ಕೊನೆಯದಾಗಿ ಅದರ ಓದುಗರಲ್ಲಿ ಒಂದು ಮಾತು. ಆಸ್ಪತ್ರೆಯ ಸಮವಸ್ತ್ರ ಮುಗಿಯುವವರೆಗೆ ನಾವ್ಯಾರೂ ಯಂತ್ರ ಬಿಟ್ಟು ಏಳುವಂತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಉಪಕರಣ ವಿಭಾಗದ ಮುಖ್ಯ ಕಚೇರಿಯ ಕಡೆ ಕೆಲಸವಿದ್ದರೆ, ಎರಡನೇ ಮಹಡಿ ಹತ್ತಿ, ನನ್ನ ಪತ್ರಕ್ಕೆ ಉತ್ತರ ಬರೆದಿಟ್ಟಿದ್ದರೆ ಅದನ್ನು ಇಸಿದುಕೊಂಡು ಬನ್ನಿ. ತಂದು ಕತ್ತರಿಯಕ್ಕನ ಕೈಗೆ ಕೊಡಿ. ಮೊದಲು ಅವಳೇ ಓದಲಿ.

ಇಂತಿ,
ಒಂದು ಗುಂಡಿ ಒತ್ತಿ ಒಂಬತ್ತು ಜನರ ನಿದ್ದೆ ಕೆಡಿಸಿದ
ಹೊಲಿಗೆ ಕೇಂದ್ರದ ಹೆಂಗಸು