ಹಾಗಲಕಾಯಿ ಡಬ್ಬಿಯಲ್ಲಿರೋ ಐಸ್‌ಕ್ರೀಮ್

ತಮ್ಮಾ,

ಇವತ್ತು ಆಸ್ಪತ್ರೆಯಲ್ಲಿ ನನಗೆ ಎರಡು ಪಾಳಿ. ಸಂಜೆ ನೆಂಟರು ಬಂದಾಗ ನಾನಿರಲ್ಲ.

ನಿನ್ನ ಮಾವಿನ ಐಸ್‌ಕ್ರೀಮನ್ನ ಬೆಳಿಗ್ಗೆ ಒಂದು ಸಲ ಕಡೆದಿಟ್ಟಿದ್ದೀನಿ. ಮಧ್ಯಾಹ್ನ ಇನ್ನೊಂದು ಸಲ ಕಡೆದುಬಿಡು, ಇಲ್ಲದಿದ್ದರೆ ಹರಳುಗಟ್ಟುತ್ತೆ. ನಿನಗೇ ಹೇಳ್ತಿದ್ದೀನಿ ನೋಡು, ಮೀನಿಗೆ ಈಜು ಕಲಿಸಿದ ಹಾಗೆ.

ಮಕ್ಕಳು ಫ್ರೀಜರಿಗೆ ಕೈ ಹಾಕ್ತಾರೆ ಅಂತ ಡಬ್ಬಿ ಮೇಲೆ ‘ಹಾಗಲಕಾಯಿ’ ಅಂತ ಬರೆದು ಅಂಟಿಸಿದ್ದೀನಿ. ಅಮ್ಮನಿಗೆ ಹೇಳಿಡು, ಒಗ್ಗರಣೆ ಹಾಕಿಬಿಟ್ಟಾಳು.

ದೊಡ್ಡಪ್ಪನೂ ಬರ್ತಾರೆ. ದೇವರೇ ಬಂದು ಬಡಿಸಿದರೂ ಉಪ್ಪು ಕಮ್ಮಿ ಅನ್ನೋ ಮನುಷ್ಯ, ಹೋದ ಬೇಸಿಗೆ ನಿನ್ನ ಐಸ್‌ಕ್ರೀಮ್ ಮುಗಿದ ಮೇಲೆ ಬಾಗಿಲ ಹಿಂದೆ ನಿಂತು ಡಬ್ಬಿಯ ಮುಚ್ಚಳ ನೆಕ್ಕುತ್ತಿದ್ದರು. ಕಣ್ಣಾರೆ ಕಂಡಿದ್ದೀನಿ. ಇದಕ್ಕಿಂತ ದೊಡ್ಡ ಬಹುಮಾನ ಬೇಕೇನೋ?

ನನಗೆ ಅಂತ ಎತ್ತಿಡಬೇಡ, ಉಳಿಯಲ್ಲ ಅಂತ ಗೊತ್ತು. ಮುಚ್ಚಳ ಮಾತ್ರ ದೊಡ್ಡಪ್ಪನ ಕೈಗೆ ಸಿಗದ ಹಾಗೆ ಬಚ್ಚಿಡು.

ಅಕ್ಕ