ಎರಡಡಿಯೋ, ನಾಲ್ಕಡಿಯೋ

ಶನಿವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ, ಅಮ್ಮನ ಮುದ್ದು ಮತ್ತು ಆಶೀರ್ವಾದ.

ಫೋನು ಬಿಟ್ಟು ಈ ಮುದುಕಿ ಕಾಗದ ಯಾಕೆ ಹಿಡಿದಳು ಅಂತ ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಆರೋಗ್ಯ. ಫೋನಿನಲ್ಲಿ ನೀನು ಚೆನ್ನಾಗಿದೀನಮ್ಮ ಅನ್ನುವುದು ನನಗಲ್ಲ, ಪಕ್ಕದಲ್ಲಿ ಕೂತ ಅಳಿಯಂದಿರಿಗೆ ಅಂತ ಅನ್ನಿಸುತ್ತದೆ. ಅದಕ್ಕೇ ಇದನ್ನು ನೀನು ಕೆಲಸ ಮಾಡುವ ಹೊಲಿಗೆ ಅಂಗಡಿಯ ವಿಳಾಸಕ್ಕೆ ಕಳಿಸುತ್ತಿದ್ದೇನೆ.

ನಿನ್ನ ಅಣ್ಣ ಮನೆ ಮುಂದೆ ಪೋರ್ಟಿಕೋ ಕಟ್ಟಿಸುತ್ತಿದ್ದಾನೆ. ಹೊಸ್ತಿಲಾಚೆ ಬರೀ ಹಳ್ಳ. ಅದಕ್ಕೆ ಅಡ್ಡಲಾಗಿ ಹಾಕಿದ ಹಲಗೆಯ ಮೇಲೆ ಓಡಾಡಿ ಓಡಾಡಿ ನನ್ನ ಮಂಡಿ ಮುಷ್ಕರ ಹೂಡಿದೆ. ಎಷ್ಟು ಗುಡಿಸಿದರೂ ಹಾಸಿಗೆಯಲ್ಲೂ ಮಣ್ಣು, ಚಹಾದಲ್ಲೂ ಮಣ್ಣು. ಸಾಕಾಗಿ ಹೋಗಿದೆ ಕಣೇ.

ಇದರ ಮೇಲೆ ಪಾಯ ಎಷ್ಟು ಆಳ ತೆಗೆಯಬೇಕು ಅಂತ ಬೇರೆ ರಗಳೆ. ನಮ್ಮ ಬೀದಿಯಲ್ಲಿ ಇಷ್ಟು ಜನ ಇಂಜಿನಿಯರುಗಳಿದ್ದಾರೆ ಅಂತ ಗೊತ್ತೇ ಇರಲಿಲ್ಲ. ಹಾಲಿನವನು ಒಂದೂವರೆ ಅಡಿ ಧಾರಾಳ ಅನ್ನುತ್ತಾನೆ. ಎದುರುಮನೆಯ ಡ್ರಾಯಿಂಗ್ ಮೇಷ್ಟ್ರು ಅಂಚಿನಲ್ಲಿ ನಿಂತು ತಾಸುಗಟ್ಟಲೆ ಪಾಠ ಮಾಡುತ್ತಾರೆ. ಅವರ ಪೋರ್ಟಿಕೋ ಮಾತ್ರ ಮನೆಯ ಗೋಡೆ ಬಿಟ್ಟು ಮುಂದಕ್ಕೆ ವಾಲಿದೆ, ಬಿರುಕಿನಲ್ಲಿ ನನ್ನ ಕೈ ಹಿಡಿಸುತ್ತದೆ. ನಮ್ಮ ಮೇಸ್ತ್ರಿ ಹೇಳಿದ್ದು ಇಷ್ಟು. ಶೀಟು ಹೊದಿಸಿ ಗಾಡಿ ನಿಲ್ಲಿಸೋದಾದ್ರೆ ಎರಡಡಿ ಸಾಕು. ಮುಂದೆ ಎಂದಾದ್ರೂ ಮೇಲೊಂದು ರೂಮು ಎಬ್ಬಿಸೋ ಆಸೆ ಇದ್ರೆ ಈಗಲೇ ಗಟ್ಟಿ ಮಣ್ಣು ಸಿಗೋ ತನಕ, ಅಂದ್ರೆ ನಾಲ್ಕಡಿ ಇಳೀಬೇಕು. ಕಾಂಕ್ರೀಟ್ ಬಿದ್ದ ಮೇಲೆ ಕೇಳಬೇಡಿ ಅಮ್ಮ ಅಂದ.

ನಾನು ನಾಲ್ಕು ಅಂದೆ. ಅಣ್ಣ ನನ್ನ ಮುಖ ನೋಡಿದ. ಒಂದು ಸ್ಕೂಟರಿಗೆ ನಾಲ್ಕಡಿ ಪಾಯಾನಾ, ಮೇಲೆ ರೂಮು ಯಾರಿಗಮ್ಮ ಅಂದ. ಹಾಗೇ ಸುಮ್ಮನೆ, ಇರಲಿ ಅಂತ ಅಂದೆ. ಎರಡೇ ಸಾಕು ಅಂತ ಎದ್ದು ಹೋದ. ಇರುವ ಎರಡು ಕೋಣೆಯಲ್ಲಿ ಐದು ಜನ ಇದ್ದೇವೆ. ಪಾಪ, ಇನ್ನೊಬ್ಬಳಿಗೂ ಜಾಗ ಮಾಡು ಅಂತ ನಿನ್ನ ಅತ್ತಿಗೆಗೆ ಯಾವ ಬಾಯಲ್ಲಿ ಹೇಳಲಿ?

ಪುಟ್ಟಿ, ನಾನೇನು ಕಣ್ಣು ಮುಚ್ಚಿಕೊಂಡು ಕೂತಿಲ್ಲ. ರಿಪೇರಿಗೆ ಅಂತ ಹೊಲಿಗೆ ಮಿಷನ್ನು ಇಲ್ಲಿಗೆ ಕಳಿಸಿದೆಯಲ್ಲ, ರಿಪೇರಿಯವನು ಬಿಚ್ಚಿ ನೋಡಿ ಇದಕ್ಕೇನೂ ಆಗಿಲ್ಲ ಅಂದ. ಪಾರ್ಟು ಬರಬೇಕಂತೆ ಅಂತ ಮನೆಯಲ್ಲಿ ಸುಳ್ಳು ಹೇಳಿಕೊಂಡಿದ್ದೇನೆ. ಹೋದ ಸಲ ಬಂದಾಗ ಇದ್ದಷ್ಟು ದಿನವೂ ನೀನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಅಲ್ಲಿ ನೀನು ಸುಖವಾಗಿಲ್ಲ ಅಂತ ನನಗೆ ಗೊತ್ತು. ಕಾರಣ ಆಗಲೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಹೇಳುವ ಶಕ್ತಿ ನಿನಗಿಲ್ಲ, ಕೇಳುವ ಶಕ್ತಿ ನನಗಿಲ್ಲ.

ಬರುವ ಶುಕ್ರವಾರ ಕಾಂಕ್ರೀಟ್ ಹಾಕುತ್ತಾರೆ. ಅಷ್ಟರೊಳಗೆ ಒಂದು ಫೋನು ಮಾಡಿ ಎರಡು ಅನ್ನು, ಇಲ್ಲವೇ ನಾಲ್ಕು ಅನ್ನು. ಅಳಿಯಂದಿರು ಪಕ್ಕದಲ್ಲಿದ್ದರೂ ಅಡ್ಡಿಯಿಲ್ಲ. ಎರಡು ಅಂದರೆ ಅಲ್ಲೇ ಇರುತ್ತೀಯ ಅಂತ ತಿಳಿದುಕೊಂಡು ಇನ್ನು ಕೆದಕುವುದಿಲ್ಲ. ನಾಲ್ಕು ಅಂದರೆ ಮೆಟ್ಟಿಲು ಹೊರಗಿನಿಂದಲೇ ಇಡಿಸುತ್ತೇನೆ. ಹತ್ತಿ ಇಳಿಯಲು ನೀನು ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅಣ್ಣನನ್ನು ಒಪ್ಪಿಸುವುದು ನನ್ನ ಪಾಲು. ಹೇಗೆ ಒಪ್ಪಿಸುತ್ತೇನೋ ನನಗೇ ಗೊತ್ತಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು.

ಇಂತಿ ನಿನ್ನ,
ಅಮ್ಮ

ತಾ.ಕ.: ಇವತ್ತು ಸೋಮವಾರ. ನಿನ್ನೆ ಕೊರಿಯರ್ ಅಂಗಡಿ ಮುಚ್ಚಿತ್ತು, ಹಾಗಾಗಿ ಕಾಗದ ನನ್ನ ಹತ್ತಿರವೇ ಉಳಿಯಿತು. ನಿನ್ನೆ ಕೆಲಸದವರಿಗೂ ರಜೆ. ಆದರೂ ಹಾರೆಯ ಸದ್ದು ಕೇಳಿ ಹೊರಗೆ ಬಂದರೆ ನಿನ್ನ ಅಣ್ಣ ಹಳ್ಳಕ್ಕಿಳಿದು ತಾನೇ ಅಗೆಯುತ್ತಿದ್ದ. ಎದೆಮಟ್ಟ ಇಳಿದಿದ್ದ. ಅತ್ತಿಗೆ ಮೇಲೆ ನಿಂತು ಮಣ್ಣಿನ ಬುಟ್ಟಿ ಎಳೆದುಕೊಳ್ಳುತ್ತಿದ್ದಳು. ಇದೇನೋ ಇದು ಅಂದೆ. ತಲೆ ಎತ್ತದೆಯೇ, ತಂಗಿಗೆ ಅಂತ ಬಾಯಿ ಬಿಟ್ಟು ಒಂದು ಮಾತು ಹೇಳೋಕಾಗಲ್ವೇನಮ್ಮ ನಿಂಗೆ ಅಂತ ನನ್ನನ್ನೇ ಬೈದ. ಅಲ್ಲೇ ಕೂತು ಅತ್ತುಬಿಟ್ಟೆ. ಅತ್ತಿಗೆ ಬುಟ್ಟಿ ಕೆಳಗಿಟ್ಟು ಹತ್ತಿರ ಬಂದು ಹೇಳಿದಳು: ರೂಮಾಗೋ ತನಕ ಅವಳು ಯಾಕೆ ಅಲ್ಲೇ ಇರ್ಬೇಕು ಅತ್ತೆ, ಈಗಲೇ ಬರೋಕೆ ಬರೀರಿ.